ಹಲ್ಲಿನಕ್ಕನ ಬ್ರೇಕು

ಊರಲ್ಲಿ ಅವಳನ್ನು ಹಲ್ಲಿನಕ್ಕ ಎಂದೇ ಕರೆಯುತ್ತಿದ್ದರು. ಅವಳ ಹಲ್ಲೇನೂ ಉಬ್ಬಿರಲಿಲ್ಲ. ಬೇರೆಯವರ ಹಲ್ಲು ಹೊತ್ತು ತಿರುಗುತ್ತಿದ್ದಳು, ಅಷ್ಟೆ.

ಕೆಲಸ ಹೀಗೆ. ಹಲ್ಲಿನ ಡಾಕ್ಟರು ಬೊಕ್ಕುಬಾಯಿಯವರ ಬಾಯಿಯ ಅಚ್ಚು ತೆಗೆಯುತ್ತಾರೆ. ಅದಕ್ಕೆ ಪ್ಲಾಸ್ಟರ್ ಹುಯ್ದರೆ ಬಾಯಿಯ ಬಿಳಿ ಗೊಂಬೆ ಸಿದ್ಧ. ಆ ಗೊಂಬೆಯನ್ನು ಊರಿನ ಆ ತುದಿಯ ಹಲ್ಲು ಕಾರ್ಖಾನೆಗೆ ಮುಟ್ಟಿಸಬೇಕು. ಅಲ್ಲಿ ಅದರ ಅಳತೆಗೆ ಹಲ್ಲಿನ ಸೆಟ್ಟು ಮಾಡುತ್ತಾರೆ. ಸೆಟ್ಟನ್ನು ಒದ್ದೆ ಹತ್ತಿಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ, ಮತ್ತೆ ಡಾಕ್ಟರಿಗೆ ಮುಟ್ಟಿಸಬೇಕು. ಹನ್ನೊಂದು ಡಾಕ್ಟರು, ಒಂದು ಕಾರ್ಖಾನೆ, ನಡುವೆ ಒಂದು ಮೋಟಾರ್ ಸೈಕಲ್ಲು. ಅದರ ಹಿಂದೆ ತಗಡಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಸ್ಪಂಜು.

ಮೊದಲು ಇದು ಅವಳ ಗಂಡನ ಕೆಲಸ. ಇಪ್ಪತ್ತಾರು ವರ್ಷ ಅವನೇ ಓಡಾಡಿದ. ಅವಳು ಕಾರ್ಖಾನೆಯಲ್ಲಿ ಕೂತು ಹತ್ತಿ ಸುತ್ತುತ್ತಿದ್ದಳು. ಓದಿದ್ದು ನಾಲ್ಕನೇ ಕ್ಲಾಸು. ಡಾಕ್ಟರ ಅಕ್ಷರ ಡಾಕ್ಟರಿಗೇ ತಿಳಿಯದು, ಅವಳಿಗೆಲ್ಲಿ ತಿಳಿದೀತು. ಚೀಟಿ ಬದಿಗಿಟ್ಟು ಗೊಂಬೆ ನೋಡಿಯೇ ಇದು ಯಾರ ಬಾಯಿ ಎಂದು ಹೇಳುತ್ತಿದ್ದಳು. ತಪ್ಪಿದ್ದೇ ಇಲ್ಲ. ಬರಬರುತ್ತ ಬೀದಿಯಲ್ಲಿ ಎದುರಾದವರ ಮುಖ ಬಿಟ್ಟು ಬಾಯಿ ನೋಡುವುದು ಅಭ್ಯಾಸವಾಯಿತು. ನಗದೆ ಹೋಗುವವರು ಅವಳಿಗೆ ಗುರುತೇ ಸಿಗುತ್ತಿರಲಿಲ್ಲ.

ಅವಳಿಗೆ ನಲವತ್ತೊಂಬತ್ತು ಆದಾಗ ಗಂಡನ ಕಣ್ಣಿಗೆ ಪೊರೆ ಬಂತು. ಆಪರೇಷನ್ ಆಯಿತು. ಎರಡು ತಿಂಗಳು ಗಾಡಿ ಮುಟ್ಟಕೂಡದು ಎಂದರು. ಅಷ್ಟರಲ್ಲಿ ಪೆಟ್ಟಿಗೆ ಬೇರೆಯವರ ಕೈ ಸೇರೀತು ಎಂದು ಅವನಿಗೆ ಹೆದರಿಕೆ. ಆ ವಯಸ್ಸಿನಲ್ಲಿ ಅವಳನ್ನು ಗಾಡಿಯ ಮೇಲೆ ಕೂರಿಸಿದ. ತಾನು ಕಪ್ಪು ಕನ್ನಡಕ ಹಾಕಿ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತ. ಕಣ್ಣಿಗೆ ಕೆಲಸ ಇರಲಿಲ್ಲ. ಬಾಯಿಗೆ ಇತ್ತು.

"ಬ್ರೇಕ್ ಹಿಡ್ಕೊಂಡು ನೇತಾಡಬೇಡ ಕಣೇ. ಅದೇನು ಬಸ್ಸಿನ ಕಂಬಿನಾ? ಹಿಡಿ, ಬಿಡು. ಹಿಡಿ, ಬಿಡು."

ಒಂದೇ ಸಮ ಹಿಡಿದರೆ ಗಾಲಿ ಕಚ್ಚಿಕೊಂಡು ನಿಲ್ಲುತ್ತದೆ, ಗಾಡಿ ಮಾತ್ರ ಜಾರುತ್ತ ಹೋಗುತ್ತದೆ. ಬಿಟ್ಟು ಬಿಟ್ಟು ಹಿಡಿದರೆ ಗಾಲಿ ಉರುಳುತ್ತಲೇ ನಿಲ್ಲುತ್ತದೆ. ಇದು ಅವನ ಪಾಠ. ಬಾಯಲ್ಲಿ ಹೇಳಿದ್ದು ಸಾಲದೆಂದು ಅವಳ ಬಲ ಭುಜದ ಮೇಲೆ ಎರಡು ಬೆರಳಿನಿಂದ ಬಡಿಯುತ್ತಿದ್ದ. ಟಕ್, ಟಕ್, ಟಕ್. ಆ ತಾಳಕ್ಕೆ ಅವಳ ಕೈ ಬ್ರೇಕನ್ನು ಹಿಡಿಯಬೇಕು, ಬಿಡಬೇಕು. ಸಂಜೆ ಮನೆಗೆ ಬಂದು ಬಟ್ಟೆ ಬದಲಿಸುವಾಗ ಭುಜ ಕೆಂಪಗಿರುತ್ತಿತ್ತು. ಎರಡು ತಿಂಗಳು ಮುಗಿದ ಮೇಲೂ ಗಾಡಿ ಅವಳ ಕೈಯಲ್ಲೇ ಉಳಿಯಿತು, ಅವನು ಹಿಂದಿನ ಸೀಟಿನಲ್ಲೇ ಉಳಿದ.

ಅವನು ಪಾಠ ಹೇಳಿದ್ದು ಅವಳೊಬ್ಬಳಿಗೇ ಅಲ್ಲ. ತಮ್ಮನಿಗೆ ಹೇಳಿದ್ದ. ಇಸ್ತ್ರಿಯವನಿಗೆ ಹೇಳಿದ್ದ. ಅಂಚೆಯವಳಿಗೆ, ಗ್ಯಾಸಿನವನಿಗೆ, ಎದುರುಮನೆಯ ಲೆಕ್ಕದ ಮೇಷ್ಟ್ರಿಗೆ ಹೇಳಿದ್ದ. ಅವನ ಕೈಯಲ್ಲಿ ಕಲಿತವರನ್ನು ಹಿಂದಿನಿಂದಲೇ ಗುರುತು ಹಿಡಿಯಬಹುದಿತ್ತು. ಬ್ರೇಕಿನ ಕೆಂಪು ದೀಪ ಮಿಣುಕ್ ಮಿಣುಕ್ ಅನ್ನುತ್ತದೆ. ಸಂಜೆ ಅವರೆಲ್ಲ ಕೆಲಸ ಮುಗಿಸಿ ಬೀದಿಯ ತಿರುವಿಗೆ ಬಂದರೆ ಮಿಂಚುಹುಳಗಳ ಮೆರವಣಿಗೆ.

ಹೋದ ವರ್ಷ ಅವನು ಹೋದ. ಗಾಡಿಯಿಂದ ಬಿದ್ದಲ್ಲ. ಕಾರ್ಖಾನೆಯ ಬೆಂಚಿನ ಮೇಲೆ ಒಂದು ಸೆಟ್ಟು ಸಿದ್ಧವಾಗಲಿ ಎಂದು ಕಾಯುತ್ತಿದ್ದ. ಕೂತ ಹಾಗೇ ಎದೆ ನಿಂತಿತು. ಅಂಗೈಯಲ್ಲಿ ಯಾರದೋ ಕೆಳದವಡೆಯ ಗೊಂಬೆ ಇತ್ತು. ಅದು ಬೀಳಲಿಲ್ಲ. ಬೀಳಲು ಬಿಡುವವನಲ್ಲ ಅವನು.

ಎರಡು ವಾರ ಅವಳು ಮನೆಯಲ್ಲಿ ಕೂತಳು. ಮೂರನೇ ವಾರ ಪೆಟ್ಟಿಗೆ ಕಟ್ಟಿಕೊಂಡು ಹೊರಟಳು. ಯಾರೂ ಹೋಗು ಎನ್ನಲಿಲ್ಲ. ಯಾರೂ ಬೇಡ ಎನ್ನಲಿಲ್ಲ. ಭುಜದ ಮೇಲೆ ಬಡಿಯುವವರಿರಲಿಲ್ಲ. ಆದರೂ ಕೈ ತಾಳ ಮರೆತಿರಲಿಲ್ಲ.

ಒಂದೇ ಸಲ ಮರೆಯಿತು. ಇಳಿಜಾರಿನಲ್ಲಿ ಕಾರು ತೊಳೆಯುವ ಅಂಗಡಿಯಿದೆ. ಅದರ ಸೋಪಿನ ನೀರು ಯಾವಾಗಲೂ ರಸ್ತೆಗೆ ಅಡ್ಡ ಹರಿಯುತ್ತದೆ. ಒಂದು ಬೆಳಿಗ್ಗೆ ನಿಂತ ವ್ಯಾನಿನ ಬಾಗಿಲು ಪಟ್ಟನೆ ತೆರೆಯಿತು. ಅವಳು ಬ್ರೇಕನ್ನು ಬಸ್ಸಿನ ಕಂಬಿಯ ಹಾಗೆ ಹಿಡಿದಳು. ಗಾಲಿ ಕಚ್ಚಿಕೊಂಡಿತು, ಗಾಡಿ ಮಲಗಿತು. ಅವಳ ಮೊಣಕಾಲು ತರಚಿತು, ಗಾಡಿಯ ಚಾಸಿ ಬಿರುಕು ಬಿಟ್ಟಿತು, ಪೆಟ್ಟಿಗೆಯಲ್ಲಿದ್ದ ಮೂರು ಬಾಯಿ ಪುಡಿಯಾದವು.

ಕಾರ್ಖಾನೆಯ ಯಜಮಾನರು ಮೃದು ಮನುಷ್ಯ. ಕೆಟ್ಟ ಸುದ್ದಿಯನ್ನೂ ಟೀ ಕೊಟ್ಟೇ ಹೇಳುವವರು. ಅವಳಿಗೆ ಟೀ ಕೊಟ್ಟರು.

"ಅಕ್ಕ, ನಿನ್ನ ಮೇಲೆ ನನಗೇನೂ ಸಿಟ್ಟಿಲ್ಲ. ಆದ್ರೆ ಮೂರು ಜನ ಮತ್ತೆ ಬಾಯಿ ತೆರೀಬೇಕಾಯ್ತು. ಅದರಲ್ಲೊಬ್ರು ವಕೀಲರು. ಅವರು ಬಾಯಿ ತೆರೆದ್ರೆ ಏನಾಗತ್ತೆ ಅಂತ ನಿನಗೂ ಗೊತ್ತು. ಇನ್ನೊಂದ್ಸಲ ಬಿದ್ರೆ ಪೆಟ್ಟಿಗೇನ ಕೊರಿಯರಿನವರಿಗೆ ಕೊಟ್ಟುಬಿಡ್ತೀನಿ. ನಿನಗೆ ಒಳಗೆ ಹತ್ತಿ ಸುತ್ತೋ ಕೆಲಸ ಇದ್ದೇ ಇದೆ."

ಅವಳು ಟೀ ಕುಡಿದಳು. ಹತ್ತಿಯ ಮೇಜಿನ ಎದುರಿಗೇ ಆ ಬೆಂಚು. ದಿನಕ್ಕೆ ಎಂಟು ಗಂಟೆ ಅದನ್ನು ನೋಡುತ್ತ ಹತ್ತಿ ಸುತ್ತಲು ಅವಳಿಂದಾಗದು. ಅದನ್ನು ಯಜಮಾನರಿಗೆ ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ.

ಮೈದುನನದು ಮನೆಯ ಪಕ್ಕದಲ್ಲೇ ಗಾಡಿ ರಿಪೇರಿ ಅಂಗಡಿ. ಮಾತಿಗೊಮ್ಮೆ ಸ್ಪ್ಯಾನರ್ ಎತ್ತಿ ತೋರಿಸುವವನು. ಚಾಸಿಗೆ ವೆಲ್ಡಿಂಗ್ ಹಾಕಿ ಹೇಳಿದ, "ಎರಡು ತಿಂಗಳು ಓಡತ್ತೆ ಅತ್ತಿಗೆ. ಮೂರನೇ ತಿಂಗಳು ನನ್ನ ಕೇಳಬೇಡಿ. ಹೊಸದು ನೋಡಿ."

ಹೊಸದು ನೋಡಲು ಹೋದರೆ ಒಂದೇ ಗಾಡಿ ಎರಡು ಥರ. ಒಂದರ ಬ್ರೇಕಿಗೆ ಎಬಿಎಸ್ ಅನ್ನುವುದೊಂದು ಇದೆ, ಇನ್ನೊಂದಕ್ಕಿಲ್ಲ. ಇದ್ದದ್ದಕ್ಕೆ ಬೆಲೆ ಹೆಚ್ಚು. ಶೋರೂಮಿನ ಟೈ ಕಟ್ಟಿದವನು ಎರಡರ ನಡುವೆ ನಿಂತು ಕೈ ಬೀಸಿ ಬೀಸಿ ಹೇಳಿದ, "ಎಬಿಎಸ್ ಇದ್ರೆ ಫುಲ್ ಸೇಫ್ಟಿ ಮೇಡಂ."

"ಒಳಗೆ ಏನು ಮಾಡತ್ತೆ ಅದು?"

"ಕಂಪ್ಯೂಟರ್ ನೋಡ್ಕೊಳ್ಳತ್ತೆ ಮೇಡಂ."

"ಏನನ್ನ?"

"ಎಲ್ಲಾನೂ."

"ನೀವು ಯಾವ ಗಾಡಿ ಓಡಿಸ್ತೀರಿ?"

ಟೈ ಕಟ್ಟಿದವನು ಟೈ ಸರಿಮಾಡಿಕೊಂಡ. "ನಾನು ಬಸ್ಸಲ್ಲಿ ಬರ್ತೀನಿ ಮೇಡಂ."

ಅವನ ಬಾಯಿ ನೋಡಿದಳು. ಮುಂದಿನ ಎರಡು ಹಲ್ಲು ಅವಳ ಪೆಟ್ಟಿಗೆಯಲ್ಲೇ ಬಂದವು. ಅದನ್ನು ಬಾಯಿಬಿಟ್ಟು ಹೇಳಿದಳು. ಆಮೇಲೆ ಟೈ ಕಟ್ಟಿದವನು ಹೆಚ್ಚು ಮಾತಾಡಲಿಲ್ಲ. ಎಬಿಎಸ್ ಇರುವ ಗಾಡಿಯ ಕೀಲಿ ಕೊಟ್ಟು, ಸಂಜೆಯವರೆಗೆ ಓಡಿಸಿ ನೋಡಿ ಎಂದ.

ಮೈದುನನಿಗೆ ಗಾಡಿ ಕಂಡ ಕೂಡಲೇ ಮೂಗು ಮೇಲೇರಿತು.

"ಎಬಿಎಸ್ ಅನ್ನೋದು ಬ್ರೇಕ್ ಹಿಡಿಯೋಕೆ ಬರದವರಿಗೆ ಅತ್ತಿಗೆ. ನಿಮಗ್ಯಾಕೆ? ನಿಮ್ಮದು ಅಣ್ಣ ತಿದ್ದಿದ ಕೈ."

ಆ ಮಾತು ಅವಳಿಗೆ ನಾಟಿತು. ನಿಜವೇ. ದುಡ್ಡು ಕೊಟ್ಟು ಅದನ್ನು ತಂದರೆ ಕೆಂಪಾದ ಭುಜಕ್ಕೆ ಏನು ಬೆಲೆ? ಆದರೆ ಇನ್ನೊಮ್ಮೆ ಬಿದ್ದರೆ ಬೆಂಚು ಕಾದಿದೆ.

"ಪರೀಕ್ಷೆ ಮಾಡೋಣ" ಎಂದಳು.

ಮೈದುನನಿಗೂ ಅದೇ ಬೇಕಿತ್ತು. ಅಂಗಡಿಯ ಹಿಂದಿನ ಓಣಿಯಲ್ಲಿ ಒಂದು ಬಕೆಟ್ ಸೋಪಿನ ನೀರು ಚೆಲ್ಲಿದ. ಸೀಮೆಸುಣ್ಣದಲ್ಲಿ ಗೆರೆ ಎಳೆದ. ಗೆರೆಗೆ ಬಂದಾಗ ಬ್ರೇಕ್ ಹಿಡಿಯಬೇಕು. ಗಾಡಿ ನಿಂತಲ್ಲಿ ಗುರುತು ಹಾಕಬೇಕು. ನ್ಯಾಯ ಹೇಳಲು ಅತ್ತೆ ಸ್ಟೂಲು ತಂದು ಹಿತ್ತಿಲ ಬಾಗಿಲಲ್ಲಿ ಕೂತಳು. ಅತ್ತೆಗೆ ಎಪ್ಪತ್ತೆಂಟು. ಊರವರ ಹಲ್ಲು ಹೊತ್ತು ತಿರುಗಿದ್ದು ಮಗ, ಈಗ ಸೊಸೆ. ಅವಳ ಬಾಯಲ್ಲಿ ಮಾತ್ರ ಒಂದೂ ಹಲ್ಲಿಲ್ಲ. ಕಟ್ಟಿಸಿಕೊಳ್ಳಮ್ಮ ಎಂದು ಮಗ ಹತ್ತು ವರ್ಷ ಅಂಗಲಾಚಿದ್ದ. ನನ್ನ ಮಾತಿಗೆ ಹಲ್ಲು ಬೇಕಾಗಿಲ್ಲ ಎಂದಿದ್ದಳು. ಅದೂ ನಿಜವೇ.

ಮೊದಲು ಮೈದುನ ಹಳೆಯ ಗಾಡಿ ಓಡಿಸಿದ. ಹಿಡಿ, ಬಿಡು, ಹಿಡಿ, ಬಿಡು. ನಿಂತ. ಗುರುತು ಹಾಕಿದ. ಹೊಸ ಗಾಡಿ ಹತ್ತಿದ. ಹಿಡಿ, ಬಿಡು, ಹಿಡಿ, ಬಿಡು. ನಿಂತ. ಎರಡು ಗುರುತಿನ ನಡುವೆ ಒಂದು ಗೇಣು. ಆಮೇಲೆ ಅವಳು. ಹಳೆಯದು, ಹೊಸದು. ಅಲ್ಲೂ ಗೇಣೇ. ಹೊಸ ಗಾಡಿಯ ಬ್ರೇಕಿನಲ್ಲಿ ಏನಾದರೂ ಬೇರೆ ಥರ ತಿಳಿಯುತ್ತದೆಯೇ ಎಂದು ಕೈಯಲ್ಲೇ ಗಮನವಿಟ್ಟಿದ್ದಳು. ಏನೂ ತಿಳಿಯಲಿಲ್ಲ.

ಮೈದುನ ಸ್ಪ್ಯಾನರ್ ಎತ್ತಿದ. "ನೋಡಿದ್ರಾ? ಎಲ್ಲಿದೆ ನಿಮ್ಮ ಕಂಪ್ಯೂಟರು? ನಿದ್ದೆ ಮಾಡ್ತಿದೆ."

ಅತ್ತೆ ಕೂತಲ್ಲಿಂದಲೇ ಹೇಳಿದಳು, "ನನಗಂತೂ ಒಂದೇ ಕಾಣ್ತು. ಎರಡು ಗಾಡೀನೂ ಮಿಣುಕಿದ್ವು. ಇಬ್ಬರೂ ಅವನ ಹಾಗೇ ಹಿಡಿತೀರಿ."

"ಅದಕ್ಕೇ ಅಮ್ಮ, ಅಣ್ಣನ ಕೈ ಮುಂದೆ ಎಬಿಎಸ್ ಯಾವ ಲೆಕ್ಕ."

ಅವಳ ಎದೆ ಹಗುರಾಯಿತು. ಇಲ್ಲದ ಗಾಡಿಯೇ ಸಾಕು ಎಂದು ತೀರ್ಮಾನವಾಯಿತು. ಗಂಡ ಗೆದ್ದ ಎಂದು ಒಳಗೊಳಗೇ ಹಿಗ್ಗಿದಳು. ಬದುಕಿದ್ದಾಗ ಅವನು ಗೆದ್ದರೆ ಇಷ್ಟು ಹಿಗ್ಗುತ್ತಿರಲಿಲ್ಲ.

ಗಾಡಿಯನ್ನು ಶೋರೂಮಿಗೆ ಮುಟ್ಟಿಸಿ, ಹೋಗುವ ದಾರಿಯಲ್ಲೇ ಒಂದು ಸೆಟ್ಟು ಕೊಟ್ಟುಬಿಡುವುದು ಎಂದಾಯಿತು. ಬ್ಯಾಂಡಿನ ತುತ್ತೂರಿಯವರ ಸೆಟ್ಟು ಅದು. ಒಂದು ತಿಂಗಳಿಂದ ಅವರ ತುತ್ತೂರಿಯಲ್ಲಿ ಬರೀ ಗಾಳಿ ಬರುತ್ತಿತ್ತು. ಮುಂದೆ ಹೊಸ ಗಾಡಿಯಲ್ಲಿ ಅವಳು. ಹಿಂದೆ ಹಳೆಯ ಗಾಡಿಯಲ್ಲಿ ಪೆಟ್ಟಿಗೆ ಸಮೇತ ಮೈದುನ, ಅವಳನ್ನು ವಾಪಸು ಕರೆತರಲು.

ಇಳಿಜಾರು ಬಂತು. ಸೋಪಿನ ನೀರು ಎಂದಿನಂತೆ ಹರಿಯುತ್ತಿತ್ತು. ಅವಳು ನಿಧಾನ ಮಾಡಿದಳು. ಅಷ್ಟರಲ್ಲಿ ತೊಳೆದು ಮುಗಿದ ಕಾರೊಂದು, ಹಿಂದೆ ಮುಂದೆ ನೋಡದೆ, ಹಿಮ್ಮುಖವಾಗಿ ಸರ್ರನೆ ರಸ್ತೆಗೆ ಬಂತು.

ಹಿಡಿ, ಬಿಡು ಎಲ್ಲ ಎತ್ತಲೋ ಹೋಯಿತು. ನಾಲ್ಕು ಬೆರಳಿನಲ್ಲೂ ಹಿಡಿದಳು. ಬಸ್ಸಿನ ಕಂಬಿ ಹಿಡಿದ ಹಾಗೇ ಹಿಡಿದಳು. ಹಿಡಿದ ಮೇಲೆ ನೆನಪಾಯಿತು, ಹಿಡಿಯಬಾರದಿತ್ತು. ಹಲ್ಲು ಕಚ್ಚಿದಳು. ಬೀಳಲು ಮೈ ಸಿದ್ಧವಾಯಿತು.

ಆಗ ಬ್ರೇಕಿನ ಹಿಡಿ ಅವಳ ಬೆರಳಿಗೆ ಬಡಿಯಿತು. ಟಕ್, ಟಕ್, ಟಕ್, ಟಕ್.

ಗಾಡಿ ಮಲಗಲಿಲ್ಲ. ಅತ್ತಿತ್ತ ಹೊರಳಲಿಲ್ಲ. ನೆಟ್ಟಗೆ ಹೋಗಿ ಕಾರಿನ ಬಂಪರಿಗೆ ಒಂದು ಮೊಳ ಇರುವಾಗ ನಿಂತಿತು. ಅವಳು ಕಾಲೂರಿದಳು. ಕೈ ಇನ್ನೂ ಬ್ರೇಕನ್ನು ಬಿಟ್ಟಿರಲಿಲ್ಲ.

ತಿರುಗಿ ನೋಡಿದಳು. ಹಿಂದಿನ ಸೀಟು ಖಾಲಿ ಇತ್ತು.

ಅದರಾಚೆ ಮೈದುನ ಕಂಡ. ಬರುತ್ತಿದ್ದ. ಪಾಠ ಚೆನ್ನಾಗಿಯೇ ಒಪ್ಪಿಸುತ್ತಿದ್ದ. ಹಿಡಿ, ಬಿಡು, ಹಿಡಿ. ಮೂರನೆಯ ಹಿಡಿಗೆ ಗಾಲಿ ಕಚ್ಚಿಕೊಂಡಿತು. ಗಾಡಿ ಎಡಕ್ಕೆ ಮಲಗಿತು. ಅವನು ಸೋಪಿನ ನೀರಲ್ಲಿ ಮೆಲ್ಲಗೆ ಕೂತ. ಕೂತೇ ಒಂದು ಮಾರು ದೂರ ಬಂದ. ಅವಳ ಪಕ್ಕಕ್ಕೆ ಬಂದು ನಿಂತ, ಅಂದರೆ ಕೂತ.

ಅವಳು ಓಡಿದ್ದು ಪೆಟ್ಟಿಗೆಯ ಹತ್ತಿರ.

"ನಾನು ಇಲ್ಲಿದ್ದೀನಿ ಅತ್ತಿಗೆ" ಎಂದ ಮೈದುನ.

"ನೀನು ಕಾಣ್ತಿದೀಯ. ಹಲ್ಲು ಕಾಣ್ತಿಲ್ಲ."

ಪೆಟ್ಟಿಗೆ ತೆಗೆದಳು. ಡಬ್ಬಿ ಬಿಚ್ಚಿದಳು. ತುತ್ತೂರಿಯವರ ಮೇಲಿನದೂ ಕೆಳಗಿನದೂ ಒದ್ದೆ ಹತ್ತಿಯಲ್ಲಿ ತಣ್ಣಗೆ ಮಲಗಿದ್ದವು. ಸೆಟ್ಟೇ ಹೊರತು ಪ್ಲಾಸ್ಟರ್ ಆಗಿರಲಿಲ್ಲ, ಬಚಾವು. ಆಮೇಲೆ ಮೈದುನನ ಕೈ ಹಿಡಿದು ಎಬ್ಬಿಸಿದಳು. ಮೂಳೆ ಎಲ್ಲ ನೆಟ್ಟಗಿತ್ತು. ಪ್ಯಾಂಟು ಇಷ್ಟು ಶುಭ್ರವಾಗಿ ಎಂದೂ ಇರಲಿಲ್ಲ.

"ರಸ್ತೆ ಸರಿ ಇಲ್ಲ" ಎಂದ.

"ನಾನೂ ಅದೇ ರಸ್ತೇಲೇ ಬಂದೆ."

ಅವನು ಸ್ವಲ್ಪ ಹೊತ್ತು ಪ್ಯಾಂಟು ಹಿಂಡಿದ. ಆಮೇಲೆ ದನಿ ಇಳಿಸಿ ಹೇಳಿದ, "ಅತ್ತಿಗೆ, ನಾನು ಹಿಂದೆನೇ ಇದ್ದೆ. ನಿಮ್ಮ ದೀಪ ಮಿಣುಕಲಿಲ್ಲ. ಒಂದೇ ಸಮ ಉರೀತು."

"ಹೂಂ. ನಾನು ಬಿಡಲಿಲ್ಲ."

"ಬಿಡದೆ ಹೆಂಗೆ ನಿಂತ್ರಿ?"

"ಅದೇ ಬಿಡ್ತು. ಅದೇ ಹಿಡೀತು. ನಿಮ್ಮಣ್ಣ ಭುಜಕ್ಕೆ ಬಡೀತಿದ್ರಲ್ಲ, ಹಾಗೆ ಕೈಗೆ ಬಡೀತು."

ಮೈದುನನ ಕೈ ಜೇಬು ತಡಕಿತು. ಸ್ಪ್ಯಾನರ್ ಅಂಗಡಿಯಲ್ಲೇ ಇತ್ತು. ಕೈಯಲ್ಲಿ ಅದಿಲ್ಲದೆ ಅವನಿಗೆ ಮಾತು ಬರುವುದು ಕಷ್ಟ.

ತುತ್ತೂರಿಯವರ ಡಾಕ್ಟರಿಗೆ ಸೆಟ್ಟು ಮುಟ್ಟಿಸಿ, ಇಬ್ಬರೂ ಶೋರೂಮಿಗೆ ಹೋದರು. ಮೈದುನ ಹೋದಲ್ಲೆಲ್ಲ ನೆಲದ ಮೇಲೆ ನೊರೆ. ಟೈ ಕಟ್ಟಿದವನಿಗೆ ಕೇಳಿ ಪ್ರಯೋಜನವಿಲ್ಲ ಎಂದು ಅವಳು ನೇರ ಹಿಂದಿನ ಸರ್ವೀಸ್ ಕೋಣೆಗೆ ನಡೆದಳು. ಅಲ್ಲೊಬ್ಬ ಹಿರಿಯ ಮೆಕ್ಯಾನಿಕ್ ಇದ್ದ. ಕಿವಿಯ ಮೇಲೆ ಪೆನ್ಸಿಲ್ಲು, ಅಂಗೈ ತುಂಬ ಗ್ರೀಸು. ಓಣಿಯ ಪರೀಕ್ಷೆಯನ್ನು ಮೊದಲಿಂದ ಕೇಳಿಸಿಕೊಂಡ. ಕೇಳುತ್ತ ಕೇಳುತ್ತ ಅವನ ಹೊಟ್ಟೆ ನಗುವಿಗೆ ಅಲುಗಾಡತೊಡಗಿತು.

"ಬಿಟ್ಟು ಬಿಟ್ಟು ಹಿಡಿದ್ರಾ? ಇಬ್ಬರೂ?"

"ಹೂಂ."

"ಹಾಗೆ ಹಿಡಿದ್ರೆ ಅದಕ್ಕೆ ಏಳೋ ಕೆಲಸವೇ ಇಲ್ಲಮ್ಮ. ಗಾಲಿ ಕಚ್ಚಿಕೊಳ್ಳೋಕೆ ಹೋದಾಗ ಮಾತ್ರ ಅದು ಏಳತ್ತೆ. ಎದ್ದು ನೀವು ಮಾಡೋದನ್ನೇ ಮಾಡತ್ತೆ, ಬಿಡತ್ತೆ, ಹಿಡಿಯತ್ತೆ. ನೀವು ಒಂದು ಸಲ ಬಿಡೋದ್ರೊಳಗೆ ಅದು ನಾಲ್ಕೈದು ಸಲ ಬಿಟ್ಟಿರತ್ತೆ. ಗಾಬರಿ ಆದಾಗ ಹಿಡಿದುಬಿಡಿ. ಬಿಗಿಯಾಗಿ. ಬಿಡಬೇಡಿ."

ಅವಳು ಮೈದುನನ ಕಡೆ ತಿರುಗಿದಳು. "ಇಡೀ ಮಧ್ಯಾಹ್ನ ನಾವೇ ಅದನ್ನ ಮಲಗಿಸಿ, ನಿದ್ದೆ ಮಾಡ್ತಿದೆ ಅಂತ ಬೈದ್ವಿ."

ಮೈದುನ ಗೋಡೆಯ ಮೇಲಿದ್ದ ಟೈರಿನ ಜಾಹೀರಾತನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದ.

"ಇನ್ನೊಂದು ಮಾತು" ಎಂದ ಹಿರಿಯ ಮೆಕ್ಯಾನಿಕ್. "ಇದು ಇದೆ ಅಂತ ಮೆರೀಬೇಡಿ. ನಿಧಾನ ಹೋಗೋದನ್ನ ಇದು ಕಲಿಸಲ್ಲ."

"ಅದನ್ನ ಕಲಿಸಿದವರು ಇದ್ರು" ಎಂದಳು.

ಎಬಿಎಸ್ ಇರುವುದನ್ನೇ ತೆಗೆದುಕೊಂಡಳು. ಹಾಗೆಂದು ಹಾಯಾಗಿ ಮನೆಗೆ ಬಂದಳು ಎಂದಲ್ಲ. ಕೈ ಕೇಳಬೇಕಲ್ಲ. ಮೂರು ವರ್ಷ ತಾಳ ಹಾಕಿದ ಕೈ ಅದು. ಒಂದು ವಾರ ಬೆಳಿಗ್ಗೆ ನೀರು ತುಂಬಿಸುವ ಮೊದಲು ಸ್ಟ್ಯಾಂಡ್ ಹಾಕಿದ ಗಾಡಿಯ ಮೇಲೆ ಕೂತು ಬ್ರೇಕ್ ಹಿಡಿಯುವುದನ್ನು ಕಲಿತಳು. ಬರೀ ಹಿಡಿಯುವುದು. ಬಿಡದೆ ಇರುವುದು. ಹಿಡಿದು ಇಪ್ಪತ್ತರ ತನಕ ಎಣಿಸುತ್ತಿದ್ದಳು. ಎಂಟು ಒಂಬತ್ತಕ್ಕೆ ಬೆರಳು ತಾನೇ ಸಡಿಲವಾಗುತ್ತಿತ್ತು. ಬೈದುಕೊಂಡು ಮತ್ತೆ ಒಂದರಿಂದ. ಅಂಚೆಯವಳು ಗೇಟಿನಲ್ಲಿ ನಿಂತು ನೋಡಿ, ಹಲ್ಲಿನಕ್ಕ ನಿಂತ ಗಾಡಿಯಲ್ಲಿ ಯಾವ ಊರಿಗೆ ಹೊರಟಿದ್ದಾಳೆ ಎಂದು ಬೀದಿಗೆಲ್ಲ ಹೇಳಿದಳು. ಮೈದುನನೂ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಅದನ್ನೇ ಮಾಡುತ್ತಿದ್ದ. ಅದನ್ನು ಅವಳು ನೋಡಿದಳು. ನೋಡಲಿಲ್ಲ ಎಂಬಂತೆ ಇದ್ದಳು.

ಯಜಮಾನರು ಹೊಸ ಗಾಡಿಯನ್ನು ಸುತ್ತು ಹಾಕಿ ನೋಡಿದರು. ಕಾರು ತೊಳೆಯುವ ಅಂಗಡಿಯ ಕಥೆ ಅವರಿಗೆ ಆಗಲೇ ಮುಟ್ಟಿತ್ತು, ತುತ್ತೂರಿಯವರ ಡಾಕ್ಟರಿಂದ. ಟೀ ತರಿಸಲಿಲ್ಲ. ಒಳಗೆ ಹೋಗಿ ನಾಲ್ಕು ಬೋಲ್ಟು ತಂದು, ಪೆಟ್ಟಿಗೆಯನ್ನು ಹೊಸ ಗಾಡಿಗೆ ತಾವೇ ಕೂರಿಸಿದರು. ಒಂದು ಬೋಲ್ಟು ಓರೆಯಾಯಿತು. ಹಾಗೇ ಇರಲಿ ಎಂದಳು. ಬಾಗಿಲಿಂದಾಚೆ ಬೆಂಚು ಕಾಣುತ್ತಿತ್ತು. ಅದರ ಮೇಲೆ ಯಾರೋ ಹೊಸ ಪ್ಲಾಸ್ಟರ್ ಚೀಲ ಇಟ್ಟಿದ್ದರು. ಅವಳು ಗಾಡಿ ಚಾಲೂ ಮಾಡಿದಳು.

ಆ ಸಂಜೆ ಅತ್ತೆ ಕೋಲೂರಿಕೊಂಡು ಗಾಡಿಯ ಹತ್ತಿರ ಬಂದಳು. ಒಂದು ವಾರದಿಂದ ಕಿಟಕಿಯಿಂದಲೇ ನೋಡಿದ್ದಳು, ಹತ್ತಿರ ಬಂದಿರಲಿಲ್ಲ. ಏನೂ ಕೇಳದೆ ಬ್ರೇಕಿನ ಹಿಡಿಯನ್ನು ಒತ್ತಿದಳು. ಬಿಟ್ಟಳು. ಮತ್ತೆ ಒತ್ತಿ ಹಿಡಿದಳು. ಕಿವಿ ಕೊಟ್ಟು ಕೇಳುವವಳ ಹಾಗೆ ಕತ್ತು ವಾಲಿಸಿದಳು.

"ಏನೂ ಬಡಿಯಲ್ವಲ್ಲೇ. ನಿನ್ನ ಮೈದುನ ಏನೇನೋ ಹೇಳ್ದ."

"ನಿಂತಾಗ ಬಡಿಯಲ್ಲ ಅತ್ತೆ. ಓಡ್ತಿರಬೇಕು. ಜಾರೋಕೆ ಹೋಗ್ಬೇಕು."

"ನಾನಿನ್ನು ಓಡ್ತೀನಾ?"

ಅತ್ತೆ ಹಿಡಿಯಿಂದ ಕೈ ತೆಗೆಯಲಿಲ್ಲ. ಸೊಸೆ ಅತ್ತೆಯ ಹಿಂದೆ ಬಂದು, ಅವಳ ಬಲ ಭುಜದ ಮೇಲೆ ಎರಡು ಬೆರಳಿಟ್ಟಳು. ಬಡಿದಳು. ಟಕ್, ಟಕ್, ಟಕ್, ಟಕ್.

"ಹೀಗೆ ಅತ್ತೆ. ಹೀಗೇ ಬಡೀತು."

ಅತ್ತೆ ಕಣ್ಣು ಮುಚ್ಚಿದ್ದಳು. ಬೊಕ್ಕುಬಾಯಿ ಒಳಗೆ ಸೇದಿಕೊಂಡಿತ್ತು.

"ಇಷ್ಟು ಬೇಗನಾ?"

"ಇಷ್ಟೇ ಬೇಗ."

"ಹಾಗಾದ್ರೆ ಅದು ಅವನಲ್ಲ ಬಿಡು" ಎಂದಳು ಅತ್ತೆ. "ನನ್ನ ಮಗ ಇಷ್ಟು ಬೇಗ ಯಾವ ಕೆಲಸ ಮಾಡಿದ್ದ?"

ಸೊಸೆಗೆ ನಗು ಬಂತು. ಬೆರಳು ಮಾತ್ರ ನಿಲ್ಲಿಸಲಿಲ್ಲ. ಸ್ವಲ್ಪ ನಿಧಾನ ಮಾಡಿದಳು.